ಸುಣ್ಣದ ಊರು

ಗೋಡೆ ದಾಟಲಾಗದೆ ಪುಟ್ಟಮಾದಯ್ಯ ನಿಂತುಬಿಟ್ಟ. ಗೋಡೆ ಎಂದರೆ ಎರಡು ಬೆರಳು ಅಗಲದ ಸುಣ್ಣದ ಗೆರೆ. ನಿನ್ನೆ ಸಂಜೆ ಅವನೇ ತಳ ತೂತು ಮಾಡಿದ ಡಬ್ಬ ಹಿಡಿದು ಎಳೆದದ್ದು. ಗೆರೆಯ ಆಚೆ, ಗೂಟದ ಬುಡದಲ್ಲಿ, ಅವನು ಮರೆತುಹೋಗಿದ್ದ ಅಳತೆ ಟೇಪು ಬಿದ್ದಿತ್ತು. ಬಗ್ಗಿ ಕೈಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಕಾಲು ಏಳಲಿಲ್ಲ, ಕೈಯೂ ಮುಂದೆ ಹೋಗಲಿಲ್ಲ. ಸುತ್ತು ಹಾಕಿ, ಬಾಗಿಲೆಂದು ಗೆರೆ ಬಿಟ್ಟಿದ್ದ ಕಡೆಯಿಂದ ಒಳಹೊಕ್ಕು, ನಡುಮನೆ ಹಾದು, ಅಡುಗೆಮನೆಯ ಮೂಲೆಯಿಂದ ಟೇಪು ಎತ್ತಿಕೊಂಡು, ಬಂದ ದಾರಿಯಲ್ಲೇ ಹೊರಗೆ ಬಂದ. ಬಂದಮೇಲೆ ನಾಚಿಕೆಯಾಗಿ ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದ. ಯಾರೂ ಇರಲಿಲ್ಲ. ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿತ್ತು. ಸೋಮನಹಳ್ಳಿಯ ಆಚೆಗೆ, ರೈಲುಹಳಿಗೂ ಮೈಸೂರು ರಸ್ತೆಗೂ ನಡುವೆ, ರಾಗಿ ಕೊಯ್ದು ಬೋಳಾಗಿದ್ದ ಕೆಂಪು ನೆಲದ ಮೇಲೆ ಒಂದು ಇಡೀ ಊರು ಬೆಳ್ಳಗೆ ಮಲಗಿತ್ತು. ನಡುವೆ ಅಗಲವಾದ ಬೀದಿ, ಅದಕ್ಕೆ ಪಕ್ಕೆಲುಬಿನಂತೆ ಅಡ್ಡಬೀದಿಗಳು, ಸ್ಕೂಲು, ಆಸ್ಪತ್ರೆ, ಮೋಟಾರು ತಯಾರಿಸುವ ಕಾರ್ಖಾನೆ, ದೀಪದ ಕಂಬಗಳಿರಬೇಕಾದಲ್ಲೆಲ್ಲ ನೆಟ್ಟ ಬಿದಿರಿನ ಗಳಗಳು. ಗಾಳಿ ಬಂದರೆ ಅಷ್ಟೂ ಹಾರಿಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಆ ಊರಿನ ಭಾರ ನೆಲವನ್ನು ಒತ್ತುತ್ತಿದೆಯೆಂದೂ, ತಾನು ಜೋರಾಗಿ ಉಸಿರಾಡಕೂಡದೆಂದೂ ಅನ್ನಿಸಿತು.

ಕಾಗದದ ಮೇಲೆ ಇದ್ದಾಗ ಹೀಗೆ ಅನ್ನಿಸಿರಲಿಲ್ಲ. ಮಹಾಯುದ್ಧ ಮುಗಿದ ಮೇಲೆ ಮೈಸೂರು ದರ್ಬಾರಿನವರೂ ಬೊಂಬಾಯಿಯ ಒಂದು ಕಂಪನಿಯವರೂ ಸೇರಿ ಹಾಕಿದ ಯೋಜನೆ ಅದು. ನೆಲ, ನೀರು, ಶಿವನಸಮುದ್ರದ ಕರೆಂಟು ಸರ್ಕಾರದ್ದು. ಯಂತ್ರ, ಕಾರ್ಖಾನೆ, ಮನೆಗಳು ಕಂಪನಿಯದು. ಲಾಭ ಬಂದರೆ ಇಬ್ಬರಿಗೂ ಅರ್ಧ ಅರ್ಧ. ಆಫೀಸಿನ ಕಾಗದದಲ್ಲಿ ಅದರ ಹೆಸರು ವಿದ್ಯುತ್ ನಗರ. ಸುತ್ತಲ ಜನ ಆಗಲೇ ಕರೆಂಟಳ್ಳಿ ಅಂದುಬಿಟ್ಟಿದ್ದರು. ನಕ್ಷೆ ಎಳೆಯುವ ಕೆಲಸಕ್ಕೆ ಸೇರಿದ ಮೊದಲ ದಿನ ಎಂಜಿನಿಯರರು ಮೇಜಿನ ಮೇಲೆ ಖಾಲಿ ಕಾಗದ ಹರಡಿ, ಎರಡೂ ಅಂಗೈಯಿಂದ ಸವರಿ, ಪುಟ್ಟಮಾದಯ್ಯ, ಈ ಊರಿಗೆ ಜಾತಿ ಇಲ್ಲ, ಮೋಟಾರಿಗೆ ಜಾತಿ ಇದೆಯೇ, ಎಂದಿದ್ದರು. ಆ ಮಾತು ಮುಗಿಯುವಷ್ಟರಲ್ಲಿ ಅವನು ಪೆನ್ಸಿಲು ಹೆರೆಯತೊಡಗಿದ್ದ. ಆಮೇಲೆ ಬಾಯಾರಿ ನೀರು ಕುಡಿಯಲು ವರಾಂಡಕ್ಕೆ ಹೋದಾಗ ಜವಾನ ಮಡಕೆಯಿಂದ ಸೌಟಿನಲ್ಲಿ ಎತ್ತಿ ಹುಯ್ದಿದ್ದ. ಪುಟ್ಟಮಾದಯ್ಯನಿಗೆಂದೇ ಇಟ್ಟ ಲೋಟಕ್ಕೆ ಕಿವಿಯಿತ್ತು. ಅದು ಉಳಿದವರ ಲೋಟಗಳಿಂದ ದೂರ, ಬೇರೆ ಮೊಳೆಯಲ್ಲಿ ತೂಗಾಡುತ್ತಿತ್ತು. ಎಂಜಿನಿಯರರು ಅದನ್ನು ನೋಡಿರಲಿಕ್ಕಿಲ್ಲ. ನೋಡಿದ್ದರೂ ಮೋಟಾರಿಗೂ ಲೋಟಕ್ಕೂ ಏನು ಸಂಬಂಧ ಎಂದು ಅವರಿಗೆ ಅನ್ನಿಸಿರಬಹುದು. ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ಇಂಥದಕ್ಕೆಲ್ಲ ರಾತ್ರಿಯಿಡೀ ಉರಿಯುತ್ತಿದ್ದವನು ಈಗ ಉರಿಯಲಿಲ್ಲ. ಎದುರಿಗೆ ಕಾಗದ ಇತ್ತು, ಪೆನ್ಸಿಲು ಇತ್ತು, ಒಂದು ಊರನ್ನು ಮೊದಲಿಂದ ಹುಟ್ಟಿಸುವ ಕೆಲಸ ಇತ್ತು. ಲೋಟ ಎಲ್ಲಿ ತೂಗಾಡಿದರೇನು.

ಹೊತ್ತು ಏರುತ್ತಲೂ ಜನ ಬರತೊಡಗಿದರು. ಹಿಂದಿನ ದಿನ ತಮಟೆ ಹೊಡೆಸಿ ಸಾರಿಸಿದ್ದರು: ಹೊಸ ಊರನ್ನು ನೆಲದ ಮೇಲೆ ಬರೆದಿದ್ದಾರೆ, ಮಧ್ಯಾಹ್ನ ಕಂಪನಿಯ ಯಜಮಾನರು ನೋಡಲು ಬರುತ್ತಾರೆ, ಜಮೀನು ಕೊಟ್ಟವರು ಮುಂಚೆ ಬಂದು ನೋಡಬಹುದು. ಬಂದವರು ಮೊದಲು ರಸ್ತೆಯಂಚಿನಲ್ಲಿ ಗುಂಪಾಗಿ ನಿಂತರು. ಆಮೇಲೆ ಒಬ್ಬ ಮುದುಕ ಮುಂದೆ ಬಂದು, ಇದು ಬೀದಿಯಾ ಎಂದು ಕೇಳಿ, ಬೀದಿಯೆಂದು ತಿಳಿದಮೇಲೆ ಬೀದಿಯಲ್ಲಿ ನಡೆದ. ಅವನ ಹಿಂದೆ ಎಲ್ಲರೂ ನಡೆದರು. ಹೊಲದಲ್ಲಿ ಅಡ್ಡಾದಿಡ್ಡಿ ನುಗ್ಗಿ ಅಭ್ಯಾಸವಿದ್ದವರು, ಮೂಲೆ ಬಂದಾಗ ಮೂಲೆಯಲ್ಲಿ ತಿರುಗಿ, ಎದುರು ಬಂದವರಿಗೆ ಸರಿದು ಜಾಗ ಬಿಟ್ಟು ನಡೆಯುತ್ತಿದ್ದರು. ಒಬ್ಬರೂ ಗೆರೆ ತುಳಿಯಲಿಲ್ಲ. ಮನೆಯೊಳಗೆ ಹೋಗುವವರು ಬಾಗಿಲ ಬಳಿ ಎಕ್ಕಡ ಬಿಟ್ಟು ಹೋದರು. ಪುಟ್ಟಮಾದಯ್ಯ ನೋಡುತ್ತ ನಿಂತ. ತನಗೊಬ್ಬನಿಗೇ ಕಂಡಿತ್ತೆಂದುಕೊಂಡ ಗೋಡೆ ಇವರಿಗೂ ಕಾಣುತ್ತಿದೆಯಲ್ಲ ಎಂದು ಅವನ ಮೈ ಜುಮ್ಮೆಂದಿತು. ಸ್ಕೂಲಿನ ಎದುರು, ಜಮೀನು ಕೊಟ್ಟವರಿಗೆಂದು ಬರೆದ ಸಾಲಿನಲ್ಲಿ, ಹೊನ್ನಯ್ಯನ ಹೆಂಡತಿ ಶಿವನಂಜಮ್ಮ ಒಂದು ಮನೆ ಹೊಕ್ಕು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವರ ರಾಗಿ ಹೊಲದ ಮೇಲೇ ಆ ಮನೆ ಬಿದ್ದಿತ್ತು.

“ಒಲೆ ಎಲ್ಲಿ ಮಡಗವ್ರೆ?” ಎಂದಳು.

“ಒಲೇನೇ ಇಲ್ವಂತೆ ಕಣಮ್ಮಿ. ಎಲ್ಲಾ ಕರೆಂಟಲ್ಲೇ ಬೇಯ್ತದಂತೆ,” ಎಂದ ಹೊನ್ನಯ್ಯ.

“ಬೇಯ್ಲಿ. ಇಟ್ಟು ತಿರುವೋಕೂ ಅದೇ ಬಂದದಾ?”

“ಬಂದ್ರೆ ನಿಂಗೇನು ಕೆಲ್ಸ? ನಿಮ್ಮಪ್ಪನ್ ಮನೆಗೆ ಓಗು.”

“ನಾನ್ಯಾಕ್ ಓಗ್ಲಿ, ಮನೆ ನಂದು. ನೀನು ಅಟ್ಟೀಲಿ ಮಲಿಕೊ,” ಎಂದು ಶಿವನಂಜಮ್ಮ ಗೆರೆಯ ಹೊರಗೆ ಬೆರಳು ತೋರಿಸಿದಳು. ಎಲ್ಲರೂ ನಕ್ಕರು. ಹೊನ್ನಯ್ಯ ನಿಜವಾಗಿಯೂ ಎರಡು ಹೆಜ್ಜೆ ಸರಿದು ಅಂಗಳದಲ್ಲಿ ನಿಂತ.

ಮದ್ದೂರಿನಿಂದ ನಯಾಜ್ ಪಾಷಾ ಜಟಕಾದಲ್ಲಿ ಬಂದಾಗ ಅವನ ಪಕ್ಕದಲ್ಲಿ ಪುಟ್ಟಮಾದಯ್ಯನ ಅವ್ವ ಕೂತಿದ್ದಳು. ನಯಾಜ್ ತಂತಿ ಎಳೆಯುವ ಮಿಸ್ತ್ರಿ. ಮದ್ದೂರಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡದೆ ಪುಟ್ಟಮಾದಯ್ಯ ತಿರುಗುತ್ತಿದ್ದಾಗ, ನಮ್ಮ ಜಗಲಿ ಖಾಲಿ ಬಿದ್ದದೆ ಬಾ ಎಂದು ಕರೆದುಕೊಂಡು ಹೋದವನು. ಅವನ ತಾಯಿ ಸುಲ್ತಾನ್ ಬೀ ಇವನಿಗೂ ಒಂದು ತಟ್ಟೆ ಹಾಕುತ್ತಿದ್ದಳು. ಅವ್ವ ಮರಿತಾಯಮ್ಮ ಶಿವನಸಮುದ್ರದ ಹತ್ತಿರದ ಕೇರಿಯಿಂದ ನಿನ್ನೆ ಬಂದಿದ್ದಳು, ಮಗ ಕಟ್ಟಿದ ಊರು ನೋಡಬೇಕೆಂದು. ಕಟ್ಟಿಲ್ಲ ಅವ್ವ, ಬರೆದಿದ್ದೇನೆ ಅಷ್ಟೆ ಎಂದರೂ ಅವಳಿಗೆ ಅದು ಬೇರೆಯೆಂದು ಅನ್ನಿಸಿರಲಿಲ್ಲ. ಜಟಕಾದಿಂದ ಇಳಿದವಳು ಸೀರೆಯಂಚು ಕೊಡವಿಕೊಂಡು, ಗಂಟನ್ನು ಕಂಕುಳಿಗೆ ಸೇರಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

“ಇಷ್ಟೂ ನೀನೇ ಬರದ್ಯೇನ್ಲಾ?”

“ನಾನೊಬ್ನೇ ಅಲ್ಲ ಕಣವ್ವ.”

“ಸುಳ್ಳು ಕಣವ್ವ, ಇವ್ನೇ,” ಎಂದ ನಯಾಜ್. “ಊಟ ಬುಟ್ಟು ಬರದವ್ನೆ. ತಟ್ಟೆ ಮೇಲೂ ಸಾರಲ್ಲಿ ಗೆರೆ ಎಳೀತಾನೆ. ನಮ್ಮಮ್ಮ ಬೈದು ಬೈದು ಸಾಕಾದ್ಲು.”

ನಡುಬೀದಿಯ ದೊಡ್ಡ ಗಳಕ್ಕೆ ನಯಾಜ್ ನಿಜವಾದ ಬಲ್ಬು ಕಟ್ಟಿದ್ದ. ರಸ್ತೆಯ ಲೈನಿನಿಂದ ತಂತಿ ತಂದು ಜೋಡಿಸಿದ್ದ. ಯಜಮಾನರು ಬಂದಾಗ ಹೊತ್ತಿಸಬೇಕಾದದ್ದನ್ನು ಅವ್ವನಿಗಾಗಿ ಈಗಲೇ ಹೊತ್ತಿಸಿದ. ಮಟಮಟ ಬಿಸಿಲಿನಲ್ಲಿ ಅದು ಉರಿಯುತ್ತಿದೆಯೋ ಇಲ್ಲವೋ ಎಂಬಂತೆ ಮಂಕಾಗಿ ಉರಿಯಿತು. ಆದರೂ ಬೀದಿಯಲ್ಲಿದ್ದವರೆಲ್ಲ ನಿಂತು ತಲೆ ಎತ್ತಿದರು. ಅವ್ವ ಕೈಮುಗಿದಳು. ಪುಟ್ಟಮಾದಯ್ಯನಿಗೆ ತಮ್ಮ ಗುಡಿಸಲಿನ ಸೂರಿನಿಂದ ದಾರದಲ್ಲಿ ತೂಗಾಡುತ್ತಿದ್ದ ಬಲ್ಬು ನೆನಪಾಯಿತು. ಪವರ್‌ಹೌಸಿನಲ್ಲಿ ಕಲ್ಲು ಹೊರುತ್ತಿದ್ದ ಅಪ್ಪ, ಸುಟ್ಟುಹೋದ ಬಲ್ಬೊಂದನ್ನು ಕೇಳಿಕೊಂಡು ತಂದದ್ದು. ಸಂಜೆ ಒಲೆಯ ಬೆಳಕು ಅದರ ಗಾಜಿನ ಮೇಲೆ ಬಿದ್ದಾಗ ನೋಡ್ರಲಾ ಹತ್ತಿಕತ್ತು ಎಂದು ನಗುತ್ತಿದ್ದ. ಒಂದು ದಿನ ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ, ಇಳಿಜಾರಿನಲ್ಲಿ ಮಲಗಿದ್ದ ಆನೆಗಾತ್ರದ ಕೊಳಾಯಿಯ ಮೇಲೆ ಅವನ ಅಂಗೈ ಒತ್ತಿ ಹಿಡಿದಿದ್ದ. ಒಳಗೆ ಕಾವೇರಿ ಓಡುತ್ತಿತ್ತು. ಕಾಣುವುದಿಲ್ಲ, ಕಬ್ಬಿಣ ನಡುಗುತ್ತದೆ. ಆ ನಡುಕ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಹಲ್ಲಿಗೆ ಹತ್ತಿತ್ತು. ನೀರು ಕೆಳಗೆ ಬಿದ್ದು ತಂತಿಯಲ್ಲಿ ಹರಿದು ತಮ್ಮ ಕೇರಿಯ ನೆತ್ತಿಯ ಮೇಲೆ ಗುಂಯ್ಯೆನ್ನುತ್ತ ಎಲ್ಲಿಗೋ ಹೋಗುತ್ತಿತ್ತು. ಕೇರಿಯಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಅದು ಅನ್ಯಾಯವೆಂದು ಆಗ ಅನ್ನಿಸಿರಲಿಲ್ಲ. ಅಷ್ಟು ದೊಡ್ಡದೊಂದು ತಮ್ಮ ತಲೆಯ ಮೇಲೆ ಹಾದುಹೋಗುವುದೇ ಬಹಳ ಅನ್ನಿಸಿತ್ತು. ನಕ್ಷೆಯ ಮೊದಲ ಗೆರೆ ಎಳೆದಾಗಲೂ ಅಂಗೈಗೆ ಅದೇ ನಡುಕ ಬಂದಿತ್ತು.

ತಿರುಗಿ ನೋಡಿದರೆ ಅವ್ವ ಇಲ್ಲ. ಅಗಲವಾದ ಬೀದಿಯನ್ನು ಬಿಟ್ಟು, ಅದರ ಪಕ್ಕದ ಚರಂಡಿಯ ಗೆರೆಗೆ ಒತ್ತಿಕೊಂಡು, ತಲೆ ತಗ್ಗಿಸಿ ಬಿರಬಿರನೆ ಹೋಗುತ್ತಿದ್ದಳು. ಸ್ಕೂಲಿನ ಕಡೆ ತಿರುಗಲಿಲ್ಲ, ಅಂಗಡಿ ಸಾಲಿನ ಕಡೆ ತಿರುಗಲಿಲ್ಲ. ನೇರ ಮೂಡಲಿಗೆ, ನೆಲ ತಗ್ಗಾಗುವ ಕಡೆಗೆ. ದಾರಿ ತೋರಿಸಿದವರಿಲ್ಲ, ಕೇಳಿದ್ದೂ ಇಲ್ಲ. ಪುಟ್ಟಮಾದಯ್ಯ ಹಿಂದೆ ಓಡಿದ. ಊರು ಮುಗಿಯಿತು. ಒಂದು ಹೊಲದಷ್ಟು ಬರಿಯ ನೆಲ ಬಂತು, ಆಮೇಲೆ ಹಳ್ಳ. ಅವ್ವ ಸೀರೆ ಎತ್ತಿಕೊಂಡು ಹಳ್ಳ ದಾಟಿದಳು. ಹಳ್ಳದಾಚೆ ನಡುವೆ ಹಿತ್ತಲು ಬಿಟ್ಟು ಬೆನ್ನು ಮಾಡಿ ನಿಂತ ಎರಡು ಸಾಲು ಸಣ್ಣ ಮನೆಗಳು, ಕೊನೆಯಲ್ಲಿ ಒಂದು ನಲ್ಲಿ. ಒಟ್ಟು ನಲವತ್ತು. ಅವ್ವ ಮೊದಲನೆಯ ಮನೆಯ ಬಾಗಿಲಲ್ಲಿ ನಿಂತು ಹಿಂತಿರುಗಿ ಅವನತ್ತ ನಕ್ಕಳು. ಮುಖ ಬೆವೆತಿತ್ತು.

“ನಮ್ಮೋರ್ದು ಚೆಂದಾಗೇ ಮಡಗಿದ್ದೀಯ ಕಣ್ಲಾ ಮಗ. ನೀರಿಗೂ ಬ್ಯಾರೆ ಮಾಡಿದ್ದೀಯ. ಯಾರ್ ತಂಟೇನೂ ಇಲ್ಲ. ಇಂದೆ ಇತ್ಲೂ ಬುಟ್ಟಿದ್ದೀಯ.”

“ನಮ್ಮೋರ್ದು ಅಂತ ಯಾರವ್ವ ಏಳಿದ್ದು ನಿಂಗೆ?”

“ಏಳೋದೇನ್ಲಾ,” ಎಂದು ಅವ್ವ ಅವನನ್ನು ಮಂಕುಮಗುವನ್ನು ನೋಡುವಂತೆ ನೋಡಿದಳು. “ಗಾಳಿ ಊರಿಂದ ಇತ್ಲಾಗ್ ಬತ್ತದೆ. ನೀರು ಇತ್ಲಾಗ್ ಇಳೀತದೆ. ಇನ್ನೆಲ್ಲಿ ಇದ್ದಾತು?”

ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಯಾರೂ ಹೇಳಿರಲಿಲ್ಲ. ಕಂಪನಿಯವರು ಕೇಳಿರಲಿಲ್ಲ, ದರ್ಬಾರಿನವರು ಕೇಳಿರಲಿಲ್ಲ. ಮೂಟೆ ಹೊರುವವರು, ಕಸ ಬಳಿಯುವವರು, ಕಲ್ಲಿದ್ದಲು ಸುರಿಯುವವರು, ಅವರಿಗೆ ನಲವತ್ತು ಮನೆ ಉಳಿದಿವೆ, ಜಾಗ ನೀವೇ ನೋಡಿ ಹಾಕಿ ಎಂದು ಹೇಳಿ ಎಂಜಿನಿಯರರು ಕಾಫಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಅವನು ಹಾಕಿದ್ದ. ಯೋಚಿಸಿದ್ದನೇ? ನೆನಪು ಮಾಡಿಕೊಳ್ಳಲು ನೋಡಿದ. ಕಿಟಕಿಯ ಹೊರಗೆ ಯಾರೋ ಸೈಕಲ್ಲು ಒರೆಸುತ್ತಿದ್ದರು. ಪೆನ್ಸಿಲು ತಾನೇ ಹೋದಂತೆ ಮೂಡಲಿಗೆ ಹೋಗಿ, ಹಳ್ಳ ದಾಟಿ, ತಗ್ಗಿನಲ್ಲಿ ಇಳಿದು ನಿಂತಿತ್ತು. ಬೇರೆ ನಲ್ಲಿಯನ್ನೂ ಅವನೇ ಬರೆದಿದ್ದ. ಪಾಪ, ಅಷ್ಟು ದೂರದಿಂದ ನೀರಿಗೆ ಬರಬೇಕಲ್ಲ ಎಂದು ಕನಿಕರದಿಂದ ಬರೆದಿದ್ದ. ಜಾತಿಯಿಲ್ಲದ ಊರಿನಲ್ಲಿ ಖಾಲಿ ಕಾಗದ ಕೊಟ್ಟು ಕೂರಿಸಿದರೆ ಅವನ ಕೈ ಹೋಗಿ ಕೇರಿ ಕಟ್ಟಿತ್ತು, ಆಡಿನ ಮರಿ ಸಂಜೆ ಯಾರೂ ಅಟ್ಟದೆ ಗೂಟಕ್ಕೆ ಹೋಗಿ ನಿಲ್ಲುವ ಹಾಗೆ. ಎಂಜಿನಿಯರರು ಬಂದು ನೋಡಿದ್ದರು. ಒಂದು ಗಳಿಗೆ ಸುಮ್ಮನಿದ್ದು, ಭೇಷ್, ಸರಿಯಾದ ಜಾಗ ಎಂದಿದ್ದರು. ಆ ಭೇಷ್‌ಗೆ ಅವನ ಕಿವಿ ಬಿಸಿಯಾಗಿತ್ತು, ಎರಡು ದಿನ ಅದನ್ನೇ ಚಪ್ಪರಿಸಿದ್ದ. ಈಗ ಆ ಸುಮ್ಮನಿದ್ದ ಗಳಿಗೆ ನೆನಪಿಗೆ ಬಂತು. ಅವರ ಮುಖದಲ್ಲಿದ್ದದ್ದು ಮೆಚ್ಚುಗೆಯಲ್ಲ. ತಾವು ಬಾಯಿಬಿಟ್ಟು ಹೇಳಬೇಕಾಗಿದ್ದನ್ನು ಹೇಳದೇ ಮುಗಿಯಿತಲ್ಲ ಎಂಬ ನಿರಾಳ. ಇನ್ನು ಇಟ್ಟಿಗೆ ಬರುತ್ತದೆ. ಇಂದು ಯಜಮಾನರು ನೋಡಿ ಹೂಂ ಎಂದರೆ ನಾಳೆಯಿಂದ ಪಾಯ ಅಗೆಯುತ್ತಾರೆ. ನೂರು ವರ್ಷ ಇರುತ್ತದೆ.

ನಯಾಜ್ ಹುಡುಕಿಕೊಂಡು ಬಂದ. “ಏನ್ಲಾ, ಅವ್ವ ಮಗ ಇಲ್ಲಿ ಕುಂತಿದ್ದೀರ? ಎದ್ದೇಳ್ಲಾ, ಕಾರು ಮದ್ದೂರು ಬುಟ್ಟದಂತೆ.”

“ನಯಾಜ್, ಇದನ್ನ ಅಳಿಸ್ಬೇಕು.”

“ಯಾವ್ದನ್ನ?”

“ಈ ಸಾಲ್ನ. ಸ್ಕೂಲ್ ಪಕ್ಕ ಹುಲ್ಲಿಗೆ ಅಂತ ಜಾಗ ಬುಟ್ಟಿದ್ದೀನಲ್ಲ, ಅಲ್ಲಿಗೆ ಹಾಕ್ಬೇಕು.”

“ತಲೆ ಕೆಟ್ಟದಾ? ನಕ್ಷೆಗೆ ಸೈನ್ ಆಗದೆ. ನಿನ್ನ ಕೆಲ್ಸ ಓಯ್ತದೆ ಕಣ್ಲಾ.”

ಪುಟ್ಟಮಾದಯ್ಯ ಕೈ ಚಾಚಿ ಸುತ್ತ ತೋರಿಸಿದ. ನಯಾಜ್ ಮನೆಗಳನ್ನು ನೋಡಿದ, ಹಳ್ಳವನ್ನು ನೋಡಿದ, ನಲ್ಲಿಯೆಂದು ನೆಟ್ಟ ಗೂಟವನ್ನು ನೋಡಿದ. ಆಮೇಲೆ ಕೆಟ್ಟದೊಂದು ಬೈಗುಳ ಬೈದು, ಬೇಲಿಯಿಂದ ಒಂದು ಮುಳ್ಳುಕೊಂಬೆ ಮುರಿದುಕೊಂಡು ನೆಲದ ಮೇಲೆ ದರದರ ಎಳೆಯತೊಡಗಿದ. ಗೋಡೆಗಳು ಧೂಳಾಗಿ ಎದ್ದವು. “ಅಯ್ಯೋ, ಅಯ್ಯೋ, ಇರೋ ಮನೇನ ಯಾಕ್ಲಾ ಕೆಡುವ್ತೀರ?” ಎಂದು ಅವ್ವ ಮಧ್ಯೆ ಬಂದಳು. ಬಾಗಿಲಿನಿಂದಲೇ ಬಂದಳು.

ಸ್ಕೂಲಿನ ಪಕ್ಕದಲ್ಲಿ ಅವನು ಹುರಿಯ ಒಂದು ತುದಿಯನ್ನು ಅವ್ವನ ಕೈಗೆ ಕೊಟ್ಟು ನೆಲಕ್ಕೆ ಒತ್ತಿ ಹಿಡಿಯೆಂದ. ಎಳೆದ, ಡಬ್ಬ ಕುಟ್ಟುತ್ತ ಹಿಂದೆ ನಡೆದ. ಅವಸರಕ್ಕೆ ಗೆರೆ ಅಲ್ಲಲ್ಲಿ ಸೊಟ್ಟಗಾಯಿತು. ಎರಡು ಬಾಗಿಲು, ನಡುಮನೆ, ಅಡುಗೆಮನೆ, ಮತ್ತೊಂದು ಮನೆ. ನಲವತ್ತು ಆಗುವುದಿಲ್ಲ. ಆಗುವಷ್ಟು ಆಗಲಿ. ಅವ್ವ ಹುರಿ ಹಿಡಿದು ಕೂತಲ್ಲೇ ಗೊಣಗುತ್ತಿದ್ದಳು.

“ಅಲ್ಲೇ ಚೆಂದಾಗಿತ್ತು. ಇಲ್ಲಿ ಇತ್ಲಿಲ್ಲ. ಎಮ್ಮೆ ಎಲ್ಲಿ ಕಟ್ಲಿ? ಈ ಸ್ಕೂಲತ್ರ ನಮ್ಮುನ್ನ ಯಾರ್ಲಾ ಬುಟ್ಟಾರು?”

“ಇಡ್ಕೊ ಅವ್ವ, ಸಡ್ಲ ಬುಡ್ಬೇಡ.”

“ನಿನ್ ಕೈಲಿ ಒಳ್ಳೇದಾಯ್ತು ಅಂದ್ಕಂಡ್ರೆ ಎಲ್ಲಾರ್ನೂ ಜಗಳಕ್ಕೆ ಆಕ್ತೀಯ.”

ಎದುರು ಸಾಲಿನ ಬಾಗಿಲಲ್ಲಿ ಶಿವನಂಜಮ್ಮ ನಿಂತು ನೋಡುತ್ತಿದ್ದಳು. “ಅದ್ಯಾರ್ ಮನೆ ಬರೀತಿದ್ದೀರ?” ಎಂದು ಕೇಳಿದಳು. ಪುಟ್ಟಮಾದಯ್ಯ ಬಾಯಿ ತೆರೆಯುವ ಮೊದಲೇ ಅವ್ವ ಸೆರಗು ಎಳೆದುಕೊಂಡು ಹಣೆ ಮುಚ್ಚಿ ನೆಲ ನೋಡಿದಳು. ಅಷ್ಟೇ ಸಾಕಾಗಿತ್ತು. ಶಿವನಂಜಮ್ಮನ ಮುಖದ ನಗು ನಿಧಾನವಾಗಿ ಇಳಿಯಿತು. ಅವಳು ಬೈಯಲಿಲ್ಲ. ಒಂದು ಹೆಜ್ಜೆ ಒಳಗೆ ಹೋಗಿ ನಡುಮನೆಯಲ್ಲಿ ಗೋಡೆಯ ಕಡೆ ತಿರುಗಿ ಬೆನ್ನು ಹಾಕಿ ನಿಂತಳು. ಬಟಾಬಯಲಿನಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿದ್ದರೂ ಆ ಗೋಡೆಯ ಹಿಂದೆ ಅವಳು ಮರೆಯಾದದ್ದು ನಿಜವೆನಿಸಿತು. ಪುಟ್ಟಮಾದಯ್ಯನಿಗೆ ಸಿಟ್ಟು ಬರಲಿಲ್ಲ. ಎಂಥ ಗೆರೆಯಿದು ಎಂದು ಬೆರಗಾಯಿತು. ಹಿಡಿ ಸುಣ್ಣ. ಹಾಕಿದ ತಕ್ಷಣ ಜನ ಒಳಗೂ ಹೊರಗೂ ಆಗಿಬಿಡುತ್ತಾರೆ. ಹಾಗಿದ್ದರೆ ಇದನ್ನು ಹಾಕುವ ಕೈ ಸಣ್ಣದಲ್ಲ. ಅವನು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಂಗೈಯಲ್ಲಿ ಕೊಳಾಯಿಯ ಆ ನಡುಕ ಮತ್ತೆ ಎದ್ದಿತ್ತು. ನಿಲ್ಲುವುದು ಬೇಡವೆನಿಸಿತು.

ಕಾರು ಮೈಸೂರು ರಸ್ತೆಯಿಂದ ಇಳಿಯಿತು. ಡ್ರೈವರು ಕೂಡ ಬೀದಿ ಹಿಡಿದೇ ಬಂದ. ಮೂಲೆಯಲ್ಲಿ ಹಾರನ್ನು ಹೊಡೆದು ತಿರುಗಿಸಿದ. ಯಜಮಾನರು ಇಳಿದರು. ದಪ್ಪನೆಯ ಮನುಷ್ಯ, ಬಿಳಿಯ ಕೋಟು, ಕೈಯಲ್ಲಿ ಛತ್ರಿ. ಹಿಂದೆ ಎಂಜಿನಿಯರರು ನೀಲಿ ನಕ್ಷೆ ಹಿಡಿದು ಇಳಿದರು. ನಯಾಜ್ ಬಲ್ಬು ಹೊತ್ತಿಸಿದ, ಜನ ಮತ್ತೆ ತಲೆ ಎತ್ತಿದರು, ಯಜಮಾನರು ಬಲ್ಬನ್ನು ಬಿಟ್ಟು ಬಾಗಿಲುಗಳ ಮುಂದೆ ಸಾಲಾಗಿ ಬಿಟ್ಟಿದ್ದ ಎಕ್ಕಡಗಳನ್ನು ನೋಡಿ ಏನೋ ಕೇಳಿ, ತಿಳಿದು, ತಾವೂ ಗೆರೆಯಿಂದ ಸರಿದು ಬೀದಿಯ ನಡುವೆ ನಡೆದರು. ಸ್ಕೂಲಿನ ಹತ್ತಿರ ಬಂದಾಗ ಎಂಜಿನಿಯರರು ನಕ್ಷೆಯನ್ನು ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು. ತಲೆಕೆಳಗಾಗಿ ಹಿಡಿದಿರಬೇಕೆಂದು ಅವರಿಗೆ ಅನ್ನಿಸಿತ್ತು. ಇದು ಯಾವ ಸಾಲು ಎಂದು ಯಜಮಾನರು ಛತ್ರಿಯ ತುದಿಯಿಂದ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು. ಎಂಜಿನಿಯರರು ಪುಟ್ಟಮಾದಯ್ಯನ ಸುಣ್ಣ ಮೆತ್ತಿದ ಕೈಯನ್ನು ನೋಡಿ, ಕೆಲಸಗಾರರ ಮನೆ, ಆಮೇಲೆ ಸೇರಿಸಿದ್ದು ಎಂದರು. ಒಳ್ಳೆಯದು, ಮಕ್ಕಳಿಗೆ ಸ್ಕೂಲು ಹತ್ತಿರ ಎಂದು ಯಜಮಾನರು ಕಾರ್ಖಾನೆಯ ಕಡೆ ನಡೆದರು.

ಎಂಜಿನಿಯರರು ಹಿಂದೆ ಉಳಿದರು. ಅವರ ದನಿ ಯಾವಾಗಲೂ ಇದ್ದಷ್ಟೇ ಮೃದುವಾಗಿತ್ತು.

“ಏನು ಇದು, ಪುಟ್ಟಮಾದಯ್ಯ?”

“ಮನೆ ಸಾರ್.”

“ನಕ್ಷೆಯಲ್ಲಿ ಇದು ಇಲ್ಲ. ನೀವೇ ಆರಿಸಿದ ಜಾಗ ಬೇರೆ ಇತ್ತು. ನಾನು ಹೇಳಿದ್ದೆನೇ ಅಲ್ಲಿ ಹಾಕಿ ಅಂತ? ನಿಮ್ಮ ಇಷ್ಟಕ್ಕೆ ಬಿಟ್ಟಿದ್ದೆ.”

“ಹೌದು ಸಾರ್. ನಾನೇ ಹಾಕಿದ್ದು.”

“ಈ ಎದುರು ಸಾಲಿನವರು ಸುಮ್ಮನಿರುತ್ತಾರೆಯೇ? ಜಮೀನು ಕೊಟ್ಟವರು. ನಾಳೆ ಇಡೀ ಯೋಜನೆಯೇ ನಿಂತರೆ? ಒಳ್ಳೆಯ ಕೆಲಸಗಾರರು ನೀವು. ಹಾಳುಮಾಡಿಕೊಳ್ಳಬೇಡಿ.” ಅವರು ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಿಗೆ ಸೇರಿಸಿದರು. “ಅವರು ಕಾರ್ಖಾನೆ ನೋಡಿ ಬರುವುದರೊಳಗೆ ಇದನ್ನು ಅಳಿಸಿಬಿಡಿ. ಬರಿಯ ಸುಣ್ಣ. ಒಂದು ಪೊರಕೆ ಸಾಕು.”

ಪುಟ್ಟಮಾದಯ್ಯ ತಿರುಗಿ ನೋಡಿದ. ಅವ್ವ ಕೊಸರುತ್ತ ಕೊಸರುತ್ತಲೇ ಬಾಗಿಲಿಗೆ ಬಂದಿದ್ದಳು. ಅಲ್ಲಿ ನಿಂತು, ಮೇಲೆ ಬರಿಯ ಆಕಾಶ ಇದ್ದರೂ, ಸೂರು ತಲೆಗೆ ತಾಕೀತೆಂದು ನಡು ಬಗ್ಗಿಸಿ ಒಳಗೆ ಹೋದಳು. ಗಂಟನ್ನು ಅಡುಗೆಮನೆಯ ಮೂಲೆಯಲ್ಲಿ ಇಳಿಸಿದಳು. ಕೂತು, ಕಾಲು ಚಾಚಿ, ನೆರಳಿಗೆ ಬಂದವಳಂತೆ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಬಾಯಾರಿತ್ತೇನೋ, ನೀರಿನ ಮಡಕೆ ಎಲ್ಲಿಡುವುದೆಂದು ನೆಲ ತಟ್ಟಿ ನೋಡುತ್ತಿದ್ದಳು.

“ಹೆಂಗೆ ಅಳಿಸಲಿ ಸಾರ್?” ಎಂದ ಪುಟ್ಟಮಾದಯ್ಯ. “ಒಳಗೆ ಜನ ಇದ್ದಾರೆ.”

ಎಂಜಿನಿಯರರು ಒಳಗೆ ನೋಡಿದರು. ಅವರ ಬೂಟಿನ ತುದಿ ಗೆರೆಗೆ ತಾಕಲು ಇನ್ನು ಒಂದು ಗೇಣು ಇತ್ತು. ಅವರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.